ಬೇರುಗಂಟಿನ ಹುಳುವನ್ನು ತೋಟಕ್ಕೆ ತರುವವರು ಯಾರು?

(ಕೋಲಾರ ಜಿಲ್ಲೆಯ ತರಕಾರಿ ಬೆಳೆಗಾರರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಅಲ್ಲಿಂದಿಲ್ಲಿಗೆ ಜಿಗಿದದ್ದನ್ನು ಸ್ವಲ್ಪ ಸರಿಮಾಡಿದ್ದೇನೆ. ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಟೊಮೆಟೊ ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತದೆ. ನೀರು ಕೊಟ್ಟಿದ್ದೀರಿ, ಗೊಬ್ಬರ ಕೊಟ್ಟಿದ್ದೀರಿ. ಆದರೂ ಎಲೆ ಹಳದಿ, ಗಿಡ ಗಿಡ್ಡ, ಕಾಯಿ ಸಣ್ಣ. ಅದೂ ಹೊಲದ ತುಂಬಾ ಅಲ್ಲ, ಅಲ್ಲೊಂದು ಕಡೆ ಇಲ್ಲೊಂದು ಕಡೆ ತೇಪೆ ತೇಪೆಯಾಗಿ. ಹೀಗಾದಾಗ ಎಲೆಯೊಂದನ್ನು ಕಿತ್ತು ಜೇಬಲ್ಲಿಟ್ಟುಕೊಂಡು ಗೊಬ್ಬರದ ಅಂಗಡಿಗೆ ಹೋಗುತ್ತೇವೆ. ಅವರು ಎಲೆ ನೋಡಿ ಸತು ಕಮ್ಮಿ, ಬೋರಾನ್ ಕಮ್ಮಿ ಅಂತ ಒಂದು ಪ್ಯಾಕೆಟ್ ಕೊಡುತ್ತಾರೆ. ಅವರದ್ದೂ ತಪ್ಪಿಲ್ಲ ಬಿಡಿ, ನಾವು ತೋರಿಸಿದ್ದು ಎಲೆ ತಾನೆ.

ಬೇರು ನೋಡಬೇಕು. ಗಿಡವನ್ನು ಎಳೆದು ಕೀಳಬೇಡಿ, ಸಣ್ಣ ಬೇರೆಲ್ಲ ಮಣ್ಣಲ್ಲೇ ಉಳಿಯುತ್ತದೆ. ಸನಿಕೆಯಲ್ಲಿ ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಮೆಲ್ಲಗೆ ತೊಳೆಯಿರಿ. ಬೇರಿನ ಮೇಲೆ ಗಂಟು ಗಂಟು ಕಂಡರೆ ನಿಮ್ಮ ಹೊಲದಲ್ಲಿ ಬೇರುಗಂಟಿನ ಜಂತುಹುಳು ಇದೆ. ನೆಮಟೋಡ್ ಅಂತ ನೀವು ಕೇಳಿರುತ್ತೀರಿ, ಅದೇ ಇದು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹುರುಳಿ, ಅಲಸಂದೆ, ಕಡಲೆಕಾಯಿ ಬೇರಿನಲ್ಲೂ ಗಂಟು ಇರುತ್ತದೆ. ಅದು ಸಾರಜನಕ ಕೊಡುವ ರೈಜೋಬಿಯಂ ಗಂಟು, ಒಳ್ಳೆಯದು. ಅದನ್ನು ಕಂಡು ಹೆದರಿದವರೂ ಇದ್ದಾರೆ. ವ್ಯತ್ಯಾಸ ಸುಲಭ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಲ್ಲಿ ತಳ್ಳಿದರೆ ಉದುರುತ್ತದೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ಜಂತುಹುಳುವಿನ ಗಂಟು ಹಾಗಲ್ಲ, ಬೇರೇ ಊದಿಕೊಂಡಿರುತ್ತದೆ. ಬೇರು ಮುರಿಯದೆ ಅದನ್ನು ತೆಗೆಯಲು ಆಗುವುದಿಲ್ಲ.

ಈಗ ಹುಳುವಿನ ವಿಚಾರ. ಕಣ್ಣಿಗೆ ಕಾಣುವುದಿಲ್ಲ. ಬೇರಿಗೆ ನುಗ್ಗುವ ಮರಿ ಹುಳುವಿನ ಉದ್ದ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಕೂದಲಿಗಿಂತ ಎಷ್ಟೋ ಸಣ್ಣ, ಮೈಯೆಲ್ಲ ಪಾರದರ್ಶಕ. ಬಾಯಲ್ಲಿ ಸೂಜಿಯಂಥ ಟೊಳ್ಳು ಮುಳ್ಳಿದೆ. ಬೇರಿನ ತುದಿಯ ಹತ್ತಿರ, ಇನ್ನೂ ಎಳೆಯದಾಗಿರುವ ಜಾಗದಲ್ಲಿ ಆ ಮುಳ್ಳಿನಿಂದ ಚುಚ್ಚಿ ಒಳಗೆ ಹೋಗುತ್ತದೆ. ಬರೀ ಚುಚ್ಚುವುದಲ್ಲ, ಜೀವಕೋಶದ ಗೋಡೆಯನ್ನು ಕರಗಿಸುವ ಕಿಣ್ವವನ್ನೂ ಬಿಡುತ್ತದೆ. ಸಾಮಾನ್ಯವಾಗಿ ಪ್ರಾಣಿಗಳಿಗೆ ಆ ಗೋಡೆಯಲ್ಲಿರುವ ಸೆಲ್ಯುಲೋಸ್ ಕರಗಿಸುವ ಶಕ್ತಿ ಇಲ್ಲ. ಹಸು ಹುಲ್ಲು ತಿಂದು ಜೀರ್ಣಿಸುವುದೂ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಸಹಾಯದಿಂದ. ಈ ಹುಳುಗಳಿಗೆ ಮಾತ್ರ ಆ ಕಿಣ್ವದ ಜೀನ್ ತಮ್ಮದೇ ಇದೆ ಅಂತ 1998ರಲ್ಲಿ ಗೊತ್ತಾಯಿತು. ಯಾವುದೋ ಕಾಲದಲ್ಲಿ ಬ್ಯಾಕ್ಟೀರಿಯಾದಿಂದ ಇವುಗಳ ಪೂರ್ವಜರಿಗೆ ದಾಟಿದ ಜೀನ್ ಅದು ಅನ್ನುತ್ತಾರೆ. 2008ರಲ್ಲಿ ಮೆಲಾಯ್ಡೊಗೈನ್ ಇನ್‌ಕಾಗ್ನಿಟಾ ಅನ್ನುವ ಹುಳುವಿನ ಪೂರ್ತಿ ಜೀನೋಮ್ ಓದಿದಾಗ ಇಂಥ ಜೀನ್‌ಗಳು ಇನ್ನಷ್ಟು ಸಿಕ್ಕವು. ನಿಮ್ಮ ಟೊಮೆಟೊ, ಬದನೆ, ಬೆಂಡೆಗೆ ಬರುವ ಮುಖ್ಯ ಹುಳು ಇದೇ ಇನ್‌ಕಾಗ್ನಿಟಾ. ಜೊತೆಗೆ ಜವಾನಿಕಾ ಅನ್ನುವುದು ಇನ್ನೊಂದು.

ಒಳಗೆ ಹೋದ ಮರಿ ಬೇರಿನ ನಡುವಿನ ನೀರು-ಆಹಾರ ಸಾಗುವ ನಾಳದ ಪಕ್ಕ ಒಂದು ಜಾಗ ಹಿಡಿಯುತ್ತದೆ. ಅಲ್ಲಿ ಕೆಲವು ಜೀವಕೋಶಗಳಿಗೆ ತನ್ನ ಜೊಲ್ಲು ಬಿಡುತ್ತದೆ. ಆ ಕೋಶಗಳು ತಮ್ಮ ಕೆಲಸ ಮರೆತು ದೈತ್ಯಾಕಾರಕ್ಕೆ ಬೆಳೆಯುತ್ತವೆ. ಕೋಶದೊಳಗಿನ ಕೇಂದ್ರ, ಅಂದರೆ ನ್ಯೂಕ್ಲಿಯಸ್, ಮತ್ತೆ ಮತ್ತೆ ಒಡೆಯುತ್ತದೆ, ಕೋಶ ಮಾತ್ರ ಒಡೆಯುವುದಿಲ್ಲ. ಗಿಡ ಎಲೆಯಲ್ಲಿ ಮಾಡಿದ ಆಹಾರ ಕಾಯಿಗೆ ಹೋಗುವ ಬದಲು ಇಲ್ಲಿಗೆ ಹರಿದು ಬರುತ್ತದೆ. ಹೆಣ್ಣು ಹುಳು ಅಲ್ಲಿಂದ ಕದಲುವುದೇ ಇಲ್ಲ. ಜೀವಮಾನವಿಡೀ ಒಂದೇ ಮೆಸ್ಸಿನಲ್ಲಿ ಕೂತು ಉಂಡ ಹಾಗೆ. ಉಂಡು ಉಂಡು ಪೇರಳೆ ಹಣ್ಣಿನ ಆಕಾರಕ್ಕೆ ಊದಿಕೊಂಡು, ಕೊನೆಗೆ ಅಂಟಂಟಾದ ಒಂದು ಚೀಲದಲ್ಲಿ ಮೊಟ್ಟೆ ಇಡುತ್ತದೆ. ನೂರಾರು ಮೊಟ್ಟೆ. ಇದಕ್ಕೆ ಗಂಡು ಹುಳು ಬೇಕಾಗಿಯೇ ಇಲ್ಲ.

ಲೆಕ್ಕ ಹಾಕೋಣ. ಒಂದು ಹೆಣ್ಣು 300 ಮೊಟ್ಟೆ ಇಟ್ಟಿತು ಅಂದುಕೊಳ್ಳಿ. ನೂರಕ್ಕೆ ಐದೇ ಬದುಕಿ ದೊಡ್ಡದಾದವು ಅಂತಿಟ್ಟುಕೊಂಡರೂ 15 ಹೆಣ್ಣು. ನಮ್ಮ ಹವೆಯಲ್ಲಿ ಮಣ್ಣು ಬೆಚ್ಚಗಿದ್ದರೆ ಮೊಟ್ಟೆಯಿಂದ ಮೊಟ್ಟೆಗೆ ಸುಮಾರು ಒಂದು ತಿಂಗಳು. ನಾಲ್ಕು ತಿಂಗಳ ಟೊಮೆಟೊ ಬೆಳೆಯಲ್ಲಿ ನಾಲ್ಕು ತಲೆಮಾರು. 15, ಅದರ 15 ಪಟ್ಟು 225, ಆಮೇಲೆ 3,375, ಆಮೇಲೆ 50 ಸಾವಿರ ದಾಟಿತು. ಶುರುವಾಗಿದ್ದು ಒಂದೇ ಹುಳುವಿನಿಂದ. ಇದು ಬರೀ ಕಾಗದದ ಲೆಕ್ಕ, ಹೊಲದಲ್ಲಿ ಬೇರೆಯೇ ಬರುತ್ತದೆ. ಆದರೆ ಮೊದಲ ಬೆಳೆಯಲ್ಲಿ ಏನೂ ಕಾಣದೆ ಎರಡನೇ ಬೆಳೆಯಲ್ಲಿ ಹೊಲ ಕೂತುಹೋಗುವುದು ಹೇಗೆ ಅನ್ನುವುದಕ್ಕೆ ಇಷ್ಟು ಸಾಕು.

ದೇಶದ ಮಟ್ಟದ ಅಂದಾಜೂ ಇದೆ. 2020ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಜಂತುಹುಳುಗಳಿಂದ ಭಾರತದ ಬೆಳೆಗಳಿಗೆ ಆಗುವ ನಷ್ಟ ಶೇಕಡ 21ರಷ್ಟು, ಹಣದಲ್ಲಿ ವರ್ಷಕ್ಕೆ ಸುಮಾರು 10,200 ಕೋಟಿ ರೂಪಾಯಿ. ಇಷ್ಟು ದೊಡ್ಡ ಸಂಖ್ಯೆ ಕೇಳಿದರೆ ತಲೆಗೆ ಹತ್ತುವುದಿಲ್ಲ. ನಿಮ್ಮ ಹೊಲದ ತೇಪೆಯಲ್ಲಿ ಎಷ್ಟು ಬಾಕ್ಸ್ ಕಮ್ಮಿ ಬಂತು ಅಂತ ನೋಡಿಕೊಳ್ಳಿ, ಅದು ತಲೆಗೆ ಹತ್ತುತ್ತದೆ.

ಇನ್ನು ನಾನು ಇವತ್ತು ಹೇಳಲೇಬೇಕು ಅಂತ ಬಂದ ಮಾತು. ಈ ಹುಳು ತಾನಾಗಿ ಎಷ್ಟು ದೂರ ಹೋಗಬಲ್ಲದು ಗೊತ್ತಾ? ಒಂದು ಬೆಳೆಯ ಅವಧಿಯಲ್ಲಿ ಹೆಚ್ಚೆಂದರೆ ಒಂದು ಮೀಟರ್. ರೆಕ್ಕೆ ಇಲ್ಲ, ಕಾಲಿಲ್ಲ. ಮಣ್ಣಿನ ಕಣಗಳ ನಡುವಿನ ತೆಳು ನೀರಿನ ಪದರದಲ್ಲಿ ಮಾತ್ರ ಹರಿದಾಡಬೇಕು. ಹಾಗಿದ್ದರೆ ಚಿಂತಾಮಣಿಯಿಂದ ಮುಳಬಾಗಿಲಿಗೆ ಹೇಗೆ ಬಂತು? ಸಸಿಯ ಬೇರಿನಲ್ಲಿ ಬಂತು. ಬಾಡಿಗೆ ಟ್ರ್ಯಾಕ್ಟರಿನ ರೋಟವೇಟರ್‌ಗೆ ಮೆತ್ತಿದ ಮಣ್ಣಿನಲ್ಲಿ ಬಂತು. ಹರಿಯುವ ನೀರಿನಲ್ಲಿ, ಚಪ್ಪಲಿಯಲ್ಲಿ, ಹಳೇ ತೋಟದ ಮಣ್ಣು ಬೆರೆತ ಗೊಬ್ಬರದಲ್ಲಿ ಬಂತು. ತಂದವರು ನಾವೇ.

ಇದಕ್ಕೆ ದೊಡ್ಡ ಉದಾಹರಣೆ ಆಲೂಗಡ್ಡೆಯದು. ಆಲೂಗಡ್ಡೆಯ ಸಿಸ್ಟ್ ಜಂತುಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1961ರಲ್ಲಿ, ನೀಲಗಿರಿಯಲ್ಲಿ. ಈ ಜಾತಿಯ ಹೆಣ್ಣು ಸತ್ತ ಮೇಲೆ ಅದರ ಮೈಯೇ ಗಟ್ಟಿ ಚೀಲವಾಗಿ ಮೊಟ್ಟೆಗಳನ್ನು ಕಾಪಾಡುತ್ತದೆ. ಆಲೂಗಡ್ಡೆ ಹಾಕದಿದ್ದರೂ ವರ್ಷಾನುಗಟ್ಟಲೆ ಮಣ್ಣಿನಲ್ಲಿ ಕಾಯಬಲ್ಲದು. ಆ ಹುಳು ಹಿಮಾಚಲ, ಉತ್ತರಾಖಂಡ, ಜಮ್ಮು-ಕಾಶ್ಮೀರದಲ್ಲೂ ಕಂಡುಬಂದು, 2018ರಲ್ಲಿ ಅಲ್ಲಿಂದ ಬಿತ್ತನೆ ಗಡ್ಡೆ ಹೊರಗೆ ಸಾಗಿಸುವುದನ್ನು ಕೇಂದ್ರ ಸರ್ಕಾರ ತಡೆಯಿತು. ಹಾಸನದ ಕಡೆಯವರು ಬಿತ್ತನೆ ಗಡ್ಡೆಯನ್ನು ಜಲಂಧರಿನಿಂದ ತರಿಸುತ್ತಾರೆ. ಗಡ್ಡೆಗೆ ಅಂಟಿದ ಚಿಟಿಕೆ ಮಣ್ಣು ಎಷ್ಟು ದೂರ ಪ್ರಯಾಣ ಮಾಡುತ್ತದೆ ನೋಡಿ.

ಸೀಬೆಯದ್ದು ಹೊಸ ಕಥೆ. ಮೆಲಾಯ್ಡೊಗೈನ್ ಎಂಟರೊಲೋಬೈ ಅನ್ನುವ ಬೇರುಗಂಟಿನ ಹುಳು ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ಸೀಬೆ ತೋಟಗಳಲ್ಲಿ ಹರಡಿದೆ. ತಮಿಳುನಾಡಿನಲ್ಲಿ 2016ರ ಹೊತ್ತಿಗೆ ವರದಿಯಾಯಿತು. ಹರಡಿದ ಬಗೆ ಒಂದೇ, ನರ್ಸರಿಯ ಕವರ್ ಸಸಿ. ಕವರಿನೊಳಗೆ ಮಣ್ಣು, ಮಣ್ಣಿನೊಳಗೆ ಹುಳು, ಲಾರಿಯಲ್ಲಿ ಇನ್ನೊಂದು ರಾಜ್ಯ. ಈ ಹುಳು ಬೇರೆ ಬೇರುಗಂಟಿನ ಹುಳುಗಳಿಗಿಂತ ಕೆಟ್ಟದು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ದಾಳಿಂಬೆಯವರೂ ಇದನ್ನೇ ಕೇಳಿಸಿಕೊಳ್ಳಬೇಕು. ದಾಳಿಂಬೆಯ ಸೊರಗು ರೋಗಕ್ಕೆ ಸೆರಾಟೊಸಿಸ್ಟಿಸ್ ಅನ್ನುವ ಶಿಲೀಂಧ್ರ ಕಾರಣ. ಬೇರುಗಂಟು ಇದ್ದ ಕಡೆ ಅದು ಬೇಗ ನುಗ್ಗುತ್ತದೆ. ಹುಳು ಮಾಡಿದ ಗಾಯ ಅದಕ್ಕೆ ಬಾಗಿಲು. ಟೊಮೆಟೊ, ಬದನೆಯ ಬ್ಯಾಕ್ಟೀರಿಯಾ ಸೊರಗು ರೋಗದ್ದೂ ಇದೇ ಕಥೆ.

ಹಾಗಾಗಿ ಸಸಿ ಕೊಳ್ಳುವಾಗ ಎಲೆ ಎಷ್ಟು ಹಸಿರು ಅಂತ ನೋಡುವುದು ಕಮ್ಮಿ ಮಾಡಿ. ಪ್ರೋಟ್ರೇಯಿಂದ, ಅಂದರೆ ಸಸಿ ಬೆಳೆಸುವ ಗುಳಿಗಳ ಟ್ರೇಯಿಂದ, ಒಂದೆರಡು ಸಸಿ ಎತ್ತಿ ಬೇರು ನೋಡಿ. ಕೊಕೊಪೀಟ್ ಅನ್ನುವ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದ ಸಸಿ ನೆಲದ ಮಡಿಯ ಸಸಿಗಿಂತ ಸುರಕ್ಷಿತ, ಆದರೆ ಟ್ರೇಯನ್ನು ಬರೀ ನೆಲದ ಮೇಲೆ ಇಟ್ಟು ಬೆಳೆಸಿದ್ದರೆ ಆ ಮಾತೂ ಇಲ್ಲ. ಹಣ್ಣಿನ ಗಿಡವಾದರೆ ಹತ್ತು ಗಿಡದಲ್ಲಿ ಒಂದರ ಕವರ್ ಹರಿದು ಬೇರು ತೊಳೆದು ತೋರಿಸಿ ಅಂತ ಕೇಳಿ. ಒಂದು ಗಿಡದ ದುಡ್ಡು ನೀವೇ ಕೊಡಿ. ನರ್ಸರಿಯವರು ಮುಖ ಸಿಂಡರಿಸಿದರೆ ಬೇರೆ ನರ್ಸರಿ ನೋಡಿ. ಹದಿನೈದು ವರ್ಷ ಇರಬೇಕಾದ ತೋಟ ಅಲ್ವಾ?

ಹೊಲದಲ್ಲಿ ಈಗಾಗಲೇ ಹುಳು ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಒಂದು ದಾರಿ ಪ್ರಯೋಗಾಲಯ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆ, ನಿಮ್ಮ ಕೃಷಿ ವಿಜ್ಞಾನ ಕೇಂದ್ರ, ಇಲ್ಲಿ ವಿಚಾರಿಸಬಹುದು. ಮಣ್ಣು ತೆಗೆಯುವ ಕ್ರಮ ಮಾತ್ರ ಗೊಬ್ಬರದ ಪರೀಕ್ಷೆಯ ಹಾಗಲ್ಲ. ಅಲ್ಲಿ ಮಣ್ಣು ಒಣಗಿಸಿ ಕೊಡುತ್ತೀರಿ, ಇಲ್ಲಿ ಒಣಗಿಸಿದರೆ ಹುಳು ಸತ್ತು ಏನೂ ಇಲ್ಲ ಅಂತ ರಿಪೋರ್ಟ್ ಬರುತ್ತದೆ! ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ, ಗೇಣುದ್ದ ಆಳದಿಂದ, ಬೇರಿನ ಸುತ್ತಲಿನ ಹಸಿ ಮಣ್ಣನ್ನೇ ತೆಗೆಯಬೇಕು. ಎಲ್ಲ ಬೆರೆಸಿ ಅರ್ಧ ಕೆಜಿ, ಜೊತೆಗೆ ಒಂದು ಹಿಡಿ ಸಣ್ಣ ಬೇರು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಬೈಕಿನ ಬಾಕ್ಸಿನಲ್ಲಿ ಬಿಸಿಲಿಗೆ ಬಿಡಬೇಡಿ.

ಪ್ರಯೋಗಾಲಯದಲ್ಲಿ ಹುಳುವನ್ನು ಮಣ್ಣಿನಿಂದ ಬೇರೆ ಮಾಡುವ ಒಂದು ವಿಧಾನ ತುಂಬಾ ಸರಳ. ಬಟ್ಟೆಯಲ್ಲೋ ತೆಳು ಕಾಗದದಲ್ಲೋ ಮಣ್ಣು ಇಟ್ಟು, ನೀರು ತುಂಬಿದ ಆಲಿಕೆಯ ಬಾಯಿಗೆ ತಾಗುವ ಹಾಗೆ ಇಡುತ್ತಾರೆ. ಹುಳು ನುಸುಳಿಕೊಂಡು ನೀರಿಗೆ ಬಂದು ತಳಕ್ಕೆ ಇಳಿಯುತ್ತದೆ. ಮಾರನೇ ದಿನ ಆಲಿಕೆಯ ಕೊಳವೆಯಿಂದ ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಇದನ್ನು ಕಂಡುಹಿಡಿದ ಬೇರ್ಮನ್ ಅನ್ನುವವರು ಸಸ್ಯದವರಲ್ಲ, ವೈದ್ಯರು. 1917ರಲ್ಲಿ ಜಾವಾದಲ್ಲಿ ಮನುಷ್ಯರಿಗೆ ಬರುವ ಕೊಕ್ಕೆಹುಳುವಿನ ಮರಿಗಳನ್ನು ಮಣ್ಣಿನಲ್ಲಿ ಹುಡುಕಲು ಮಾಡಿದ್ದು. ನೂರು ವರ್ಷವಾದರೂ ಅದೇ ಆಲಿಕೆ ನಡೆಯುತ್ತಿದೆ.

ಇನ್ನೊಂದು ದಾರಿಗೆ ಯಾವ ಪ್ರಯೋಗಾಲಯವೂ ಬೇಡ. ನಾಟಿಗೆ ಎರಡು ತಿಂಗಳು ಮುಂಚೆ ಹೊಲದ ನಾಲ್ಕೈದು ಜಾಗದಿಂದ ಮಣ್ಣು ತಂದು ಬೇರೆ ಬೇರೆ ಕುಂಡಕ್ಕೆ ಹಾಕಿ. ಒಂದೊಂದರಲ್ಲೂ ಟೊಮೆಟೊ ಅಥವಾ ಸೌತೆ ಸಸಿ ನೆಡಿ. ಐದಾರು ವಾರ ಬಿಟ್ಟು ಕಿತ್ತು ಬೇರು ತೊಳೆದು ನೋಡಿ. ಯಾವ ಕುಂಡದಲ್ಲಿ ಗಂಟು ಇದೆಯೋ ಆ ಜಾಗದಲ್ಲಿ ಹುಳು ಇದೆ. ನನ್ನನ್ನು ಕೇಳಿದರೆ ರಿಪೋರ್ಟಿನ ಸಂಖ್ಯೆಗಿಂತ ಇದು ಮನಸ್ಸಿಗೆ ನಾಟುತ್ತದೆ. ಹೊಲದ ಯಾವ ಮೂಲೆ ಅಂತಲೂ ಗೊತ್ತಾಗುತ್ತದೆ, ಕೆಲಸವನ್ನು ಅಲ್ಲಿಗಷ್ಟೇ ಮಾಡಬಹುದು.

ಇದೆ ಅಂತ ಗೊತ್ತಾಯಿತು, ಮುಂದೇನು? ಪೂರ್ತಿ ನಿರ್ಮೂಲ ಆಗುವುದಿಲ್ಲ. ಈ ಮಾತು ಕೇಳಿ ಬೇಜಾರಾಗಬೇಡಿ. ನಾಟಿ ಮಾಡುವ ದಿನ ಮಣ್ಣಿನಲ್ಲಿ ಹುಳು ಕಮ್ಮಿ ಇದ್ದರೆ ಸಾಕು. ಎಳೆ ಬೇರು ಮೊದಲ ತಿಂಗಳು ತಪ್ಪಿಸಿಕೊಂಡರೆ ಗಿಡ ಗಟ್ಟಿಯಾಗುತ್ತದೆ, ಆಮೇಲೆ ಬಂದ ಹುಳುವನ್ನು ತಡೆದುಕೊಂಡು ಬೆಳೆ ಕೊಡುತ್ತದೆ. ಅಂದರೆ ಕೆಲಸವೆಲ್ಲ ನಾಟಿಗೆ ಮುಂಚೆ. ಗಂಟು ಬಂದ ಮೇಲೆ ಯಾವ ಔಷಧಿಯೂ ಗಂಟನ್ನು ಕರಗಿಸುವುದಿಲ್ಲ.

ಮೊದಲನೆಯದು ಹಳೇ ಬೆಳೆಯ ಬೇರು. ಕಟಾವು ಮುಗಿದ ಮೇಲೆ ಟೊಮೆಟೊ ಗಿಡವನ್ನು ಹಾಗೇ ಬಿಟ್ಟು ಕುರಿ ಮೇಯಿಸುತ್ತೇವೆ, ಇಲ್ಲಾ ರೋಟವೇಟರ್ ಹೊಡೆಸುತ್ತೇವೆ. ಗಿಡದ ಮೇಲಿನ ಭಾಗ ಹೋಯಿತು, ಬೇರು ಇನ್ನೂ ಜೀವ ಹಿಡಿದಿರುತ್ತದೆ. ಆ ಬೇರಿನಲ್ಲಿ ಒಂದು ತಲೆಮಾರು ಜಾಸ್ತಿ ಬೆಳೆಯುತ್ತದೆ, ರೋಟವೇಟರ್ ಅದನ್ನು ಚೂರು ಮಾಡಿ ಹೊಲದ ತುಂಬಾ ಹಂಚುತ್ತದೆ. ಬೇರು ಸಮೇತ ಕಿತ್ತು ರಾಶಿ ಹಾಕಿ ಒಣಗಿಸಿ ಸುಡಿ. ಬೇರಿನ ವಿಷಯದಲ್ಲಿ ಮಾತ್ರ ಕಾಂಪೋಸ್ಟ್ ಬೇಡ. ಗಣಿಕೆ, ಮುಳ್ಳುಹರಿವೆಯಂಥ ಕಳೆಗಳೂ ಈ ಹುಳುವನ್ನು ಸಾಕುತ್ತವೆ. ಬೆಳೆ ಇಲ್ಲದ ಹೊಲದಲ್ಲಿ ಕಳೆ ತುಂಬಿಕೊಂಡಿದ್ದರೆ ಅದು ಬೀಳು ಬಿಟ್ಟ ಹೊಲ ಅಲ್ಲ, ಹುಳುವಿಗೆ ಬೆಳೆ ಇರುವ ಹೊಲವೇ.

ಆಮೇಲೆ ಬೇಸಿಗೆ ಉಳುಮೆ. ಏಪ್ರಿಲ್-ಮೇನಲ್ಲಿ ಆಳವಾಗಿ ಉತ್ತು, ಎರಡು ವಾರ ಬಿಟ್ಟು ಮತ್ತೊಮ್ಮೆ ಮಗುಚಿ. ಬೇರುಗಂಟಿನ ಮರಿಗಳು ಬಿಸಿಲು, ಒಣ ಎರಡನ್ನೂ ತಡೆಯವು. ಎಲ್ಲ ಜಂತುಹುಳುಗಳೂ ಹೀಗೆ ಮೆದುವಲ್ಲ. 1743ರಲ್ಲಿ ಇಂಗ್ಲೆಂಡಿನ ನೀಡ್‌ಹ್ಯಾಮ್ ಅನ್ನುವ ಪಾದ್ರಿ ರೋಗ ಹಿಡಿದ ಒಣ ಗೋಧಿ ಕಾಳನ್ನು ಸೀಳಿ ನೀರು ಹಾಕಿದರು. ಒಳಗಿದ್ದ ಬಿಳಿ ನಾರು ಮೆಲ್ಲಗೆ ಹೊರಳಾಡಲು ಶುರು ಮಾಡಿತು. ಸಸ್ಯದ ಜಂತುಹುಳುವನ್ನು ಮೊದಲು ಕಂಡದ್ದು ಹಾಗೆ. ಆ ಗೋಧಿ ಹುಳು ಒಣ ಕಾಳಿನೊಳಗೆ ದಶಕಗಟ್ಟಲೆ ಬದುಕಬಲ್ಲದು. ನಮ್ಮ ಪುಣ್ಯಕ್ಕೆ ಟೊಮೆಟೊ ಹುಳುವಿಗೆ ಆ ವಿದ್ಯೆ ಅಷ್ಟಾಗಿ ಬರುವುದಿಲ್ಲ.

ಸಸಿ ಮಡಿ, ಪಾಲಿಹೌಸ್ ಇದ್ದವರು ಮಣ್ಣಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಲ್ಲಿ ಕಾಯಿಸಬಹುದು. ಇಸ್ರೇಲಿನ ಕಟಾನ್ ಅನ್ನುವವರು 1976ರಲ್ಲಿ ಜಗತ್ತಿಗೆ ಹೇಳಿದ ವಿಧಾನ ಇದು. ಹಾಳೆ ಪಾರದರ್ಶಕವಾಗಿರಬೇಕು. ಮಲ್ಚಿಂಗ್‌ಗೆ, ಅಂದರೆ ಗಿಡದ ಸಾಲಿಗೆ ಹೊದಿಸಲು, ತಂದ ಕಪ್ಪು ಹಾಳೆ ಉಳಿದಿದೆ ಅಂತ ಅದನ್ನೇ ಹಾಕಿದರೆ ಹಾಳೆ ಕಾಯುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ. ಮಣ್ಣನ್ನು ಪುಡಿ ಮಾಡಿ, ಚೆನ್ನಾಗಿ ನೀರು ಹಾಯಿಸಿ, ತೆಳು ಹಾಳೆ ಹೊದಿಸಿ, ಅಂಚನ್ನೆಲ್ಲ ಮಣ್ಣಲ್ಲಿ ಹೂತು ನಾಲ್ಕರಿಂದ ಆರು ವಾರ ಬಿಡಿ. ಗೇಣುದ್ದ ಆಳದವರೆಗೆ ಪರಿಣಾಮ ಚೆನ್ನಾಗಿರುತ್ತದೆ. ಅದಕ್ಕಿಂತ ಕೆಳಗಿನ ಹುಳು ಉಳಿಯುತ್ತದೆ, ಆದ್ದರಿಂದ ಆಮೇಲೆ ಆಳವಾಗಿ ಉಳಬೇಡಿ.

ಬೆಳೆ ಬದಲಿಸುವ ವಿಷಯದಲ್ಲಿ ತುಂಬಾ ಗೊಂದಲ ಇದೆ. ಟೊಮೆಟೊ ಆದ ಮೇಲೆ ಕ್ಯಾಪ್ಸಿಕಂ ಹಾಕಿದೆ, ಬೆಳೆ ಬದಲಿಸಿದೆ ಅನ್ನುತ್ತಾರೆ. ನಮಗೆ ಬದಲು, ಹುಳುವಿಗೆ ಅಲ್ಲ. ಟೊಮೆಟೊ, ಬದನೆ, ಬೆಂಡೆ, ಸೌತೆ, ಹಾಗಲ, ಕ್ಯಾರೆಟ್, ಬೀನ್ಸ್ ಎಲ್ಲವೂ ಅದಕ್ಕೆ ಊಟವೇ. ಸಾಸಿವೆ, ಎಳ್ಳು, ಅಪ್ಸೆಣಬು, ಚೆಂಡು ಹೂವು ಇವು ಅದಕ್ಕೆ ಒಗ್ಗದವು. ಕಡಲೆಕಾಯಿ ಸ್ವಾರಸ್ಯದ್ದು. ಇನ್‌ಕಾಗ್ನಿಟಾ ಹುಳು ಕಡಲೆಕಾಯಿ ಬೇರಿನಲ್ಲಿ ಬೆಳೆಯುವುದಿಲ್ಲ. ಈ ಭಾಗದಲ್ಲಿ ಹಿಂದೆ ಕಡಲೆಕಾಯಿ ಜಾಸ್ತಿ ಇತ್ತಲ್ಲ, ಅದೂ ಒಂದು ರಕ್ಷಣೆಯಾಗಿತ್ತು. ಆದರೆ ಕಡಲೆಕಾಯಿಗೇ ಬರುವ ಬೇರುಗಂಟಿನ ಜಾತಿ ಬೇರೆ ಇದೆ. ಹಾಗಾಗಿ ನಿಮ್ಮಲ್ಲಿರುವುದು ಯಾವ ಜಾತಿ ಅಂತ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ದುಡ್ಡು ದಂಡ ಆಗುವುದಿಲ್ಲ.

ಚೆಂಡು ಹೂವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬದುವಿನ ಸುತ್ತ ನಾಲ್ಕು ಗಿಡ ಹಾಕಿ ನೆಮಟೋಡ್‌ಗೆ ಹಾಕಿದ್ದೇನೆ ಅನ್ನುವವರು ತುಂಬಾ. ಅದರಿಂದ ಹೂವು ಸಿಗುತ್ತದೆ ಅಷ್ಟೆ. ಇದರ ಬೇರಿನಲ್ಲಿ ಆಲ್ಫಾ-ಟರ್‌ಥಯನಿಲ್ ಅನ್ನುವ ರಾಸಾಯನಿಕ ಇದೆ, 1958ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಬೇರ್ಪಡಿಸಿ ತೋರಿಸಿದರು. ಅದು ಕೆಲಸ ಮಾಡುವುದು ಜೀವಂತ ಬೇರಿನ ಹತ್ತಿರ ಮಾತ್ರ. ಹುಳು ಮೀಟರ್ ದೂರ ನಡೆದು ಬಂದು ಸಾಯುವುದಿಲ್ಲ. ಹೊಲದ ತುಂಬಾ ಒತ್ತಾಗಿ, ಎರಡು ಮೂರು ತಿಂಗಳು ಇರಬೇಕು. ಆಯುಧಪೂಜೆ, ದೀಪಾವಳಿಗೆ ಹೂವು ಬೆಳೆಯುವವರು ಇಲ್ಲಿ ಹೇಗೂ ಇದ್ದೀರಿ. ಗಂಟು ಜಾಸ್ತಿ ಇರುವ ತುಂಡು ಹೊಲಕ್ಕೇ ಆ ಬೆಳೆಯನ್ನು ಕೊಡಿ, ಆಮೇಲೆ ಟೊಮೆಟೊ ಹಾಕಿ. ಹೂವಿನ ದುಡ್ಡು ಬೇರೆ. ಗಿಡ್ಡ ಜಾತಿಯ ಫ್ರೆಂಚ್ ಚೆಂಡು ಹೂವು ಈ ಕೆಲಸಕ್ಕೆ ಹೆಚ್ಚು ಒಳ್ಳೆಯದು. ಮಾರ್ಕೆಟ್ಟಿಗೆ ಬೆಳೆಯುವ ದಪ್ಪ ಹೂವಿನದ್ದು ಅಷ್ಟಿಲ್ಲದಿದ್ದರೂ ನಡೆಯುತ್ತದೆ.

ತಡೆಯುವ ಶಕ್ತಿ ಇರುವ ತಳಿಗಳಿವೆ. ಟೊಮೆಟೊದಲ್ಲಿ ಎಂಐ ಅನ್ನುವ ಜೀನ್ ಇದೆ. ದಕ್ಷಿಣ ಅಮೆರಿಕದ ಕಾಡು ಟೊಮೆಟೊದಿಂದ 1940ರ ದಶಕದಲ್ಲಿ ತಂದದ್ದು. ಎರಡೂ ಗಿಡ ಸುಮ್ನೆ ಕೂಡುವುದಿಲ್ಲ, ಕೂಡಿದರೂ ಬೀಜ ಬಲಿಯುವುದಿಲ್ಲ. ಬೀಜದೊಳಗಿನ ಎಳೆ ಭ್ರೂಣವನ್ನು ತೆಗೆದು ಗಾಜಿನಲ್ಲಿ ಬೆಳೆಸಿ ಗಿಡ ಮಾಡಿದರು. ಈಗ ಜಗತ್ತಿನ ಎಷ್ಟೋ ಹೈಬ್ರಿಡ್‌ಗಳಲ್ಲಿ ಇರುವುದು ಆ ಜೀನೇ. ಬೀಜದ ಪ್ಯಾಕೆಟ್ ಮೇಲೆ ನೆಮಟೋಡ್ ನಿರೋಧಕ ಅಂತ ಇದ್ದರೆ ಹೆಚ್ಚಾಗಿ ಇದೇ. ಆದರೆ ಎರಡು ತೊಡಕು. ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಈ ಜೀನ್ ಕೈಕೊಡುತ್ತದೆ. ನಮ್ಮ ಬೇಸಿಗೆ ಟೊಮೆಟೊದಲ್ಲಿ, ಅದೂ ಪ್ಲಾಸ್ಟಿಕ್ ಮಲ್ಚ್ ಕೆಳಗೆ, 28 ಡಿಗ್ರಿ ಏನು ಮಹಾ. ಮಳೆಗಾಲದ ಕೊನೆ, ಚಳಿಗಾಲದ ಬೆಳೆಗೆ ಇದು ಒಳ್ಳೆಯದು. ಎರಡನೇ ತೊಡಕು, ಆಗ ಹೇಳಿದೆನಲ್ಲ ಸೀಬೆಯ ಹುಳು, ಅದು ಈ ಜೀನ್‌ಗೆ ಬಗ್ಗುವುದೇ ಇಲ್ಲ. ಸೀಬೆ ತೋಟದಲ್ಲಿ ಅಂತರ ಬೆಳೆಯಾಗಿ ಟೊಮೆಟೊ ಹಾಕುವವರು ಎಚ್ಚರ. ಬದನೆಯವರಿಗೆ ಸುಂಡೆಕಾಯಿ ಗಿಡದ ಮೇಲೆ ಕಸಿ ಮಾಡಿದ ಸಸಿ ಇದೆ. ಗಂಟು, ಸೊರಗು ಎರಡನ್ನೂ ತಡೆಯುತ್ತದೆ. ಸಸಿಗೆ ದುಡ್ಡು ಜಾಸ್ತಿ, ಸೊರಗಿ ಹಾಳಾದ ಹೊಲಕ್ಕೆ ಮಾತ್ರ ಲೆಕ್ಕ ಕೂಡುತ್ತದೆ.

ಜೈವಿಕದ ಬಗ್ಗೆ. ಪರ್ಪ್ಯುರಿಯೊಸಿಲಿಯಂ ಅನ್ನುವ ಶಿಲೀಂಧ್ರ ಹುಳುವಿನ ಮೊಟ್ಟೆಯನ್ನೇ ತಿನ್ನುತ್ತದೆ. ಅಂಗಡಿಯಲ್ಲಿ ಪೆಸಿಲೊಮೈಸಿಸ್ ಅಂತ ಹಳೇ ಹೆಸರಲ್ಲೇ ಸಿಗುತ್ತದೆ. ಪೊಕೊನಿಯಾ, ಟ್ರೈಕೊಡರ್ಮ, ಸುಡೊಮೊನಾಸ್ ಅನ್ನುವ ಉಪಕಾರಿ ಸೂಕ್ಷ್ಮಜೀವಿಗಳೂ ಇವೆ. ಪ್ಯಾಕೆಟ್ ತಂದು ಒಣ ಮಣ್ಣಿನ ಮೇಲೆ ಬಿಸಿಲಲ್ಲಿ ಉದುರಿಸಿದರೆ ದುಡ್ಡು ಉದುರಿಸಿದ ಹಾಗೇ. ಇವು ಜೀವ ಇರುವ ವಸ್ತು. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದೊಂದನ್ನೂ 2 ಕೆಜಿಯಂತೆ ಬೆರೆಸಿ, ನೆರಳಲ್ಲಿ ತೇವ ಆರದ ಹಾಗೆ 15 ದಿನ ಮುಚ್ಚಿಡಿ, ನಡುವೆ ಮಗುಚಿ. ಆಗ ಅವು ಗೊಬ್ಬರದಲ್ಲೇ ಹೆಚ್ಚಿಕೊಳ್ಳುತ್ತವೆ. ಆ ಗೊಬ್ಬರವನ್ನು ನಾಟಿಯ ಸಾಲಿಗೆ ಕೊಡಿ. ಜೊತೆಗೆ ಬೇವಿನ ಹಿಂಡಿ, ಎಕರೆಗೆ 100ರಿಂದ 200 ಕೆಜಿ, ನಾಟಿಗೆ ಎರಡು ವಾರ ಮುಂಚೆ. ಹೊಂಗೆ ಹಿಂಡಿಯೂ ಆದೀತು. ಪ್ಯಾಕೆಟ್ ಮೇಲಿನ ತಯಾರಾದ ತಾರೀಖು ನೋಡದೆ ಕೊಳ್ಳಬೇಡಿ.

ರಾಸಾಯನಿಕ ಕೊನೆಗೆ ಇಟ್ಟುಕೊಂಡೆ. ಇದರ ಚರಿತ್ರೆ ಒಳ್ಳೆಯದಲ್ಲ. ಡಿಬಿಸಿಪಿ ಅನ್ನುವ ಹುಳುನಾಶಕ ಒಂದು ಕಾಲದಲ್ಲಿ ಜಗತ್ತಿನ ತುಂಬಾ ನಡೆಯಿತು. 1977ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಗಂಡಸರಿಗೆ ಮಕ್ಕಳಾಗುವ ಶಕ್ತಿ ಹೋಗಿದ್ದು ಬಯಲಾಯಿತು. ಮಣ್ಣಿಗೆ ಬಿಡುತ್ತಿದ್ದ ಮಿಥೈಲ್ ಬ್ರೋಮೈಡ್ ಅನ್ನುವ ಅನಿಲ ಓಜೋನ್ ಪದರಕ್ಕೆ ಕೆಟ್ಟದ್ದು ಅಂತ ನಿಂತಿತು. ನಮ್ಮಲ್ಲಿ ಫೋರೇಟ್ ಅನ್ನುವ ವಿಷ 2020ರ ಕೊನೆಗೆ ನಿಷೇಧವಾಯಿತು. ಈಗಲೂ ಯಾರಾದರೂ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಹೊಸದಾಗಿ ಫ್ಲುಯೊಪಿರಾಮ್, ಫ್ಲುಯೆನ್‌ಸಲ್ಫೋನ್ ಬಂದಿವೆ. ಕೆಲಸ ಮಾಡುತ್ತವೆ, ಬೆಲೆಯೂ ಜೋರು. ನಾಟಿಯ ಹೊತ್ತಿಗೆ, ಲೇಬಲ್‌ನಲ್ಲಿ ನಿಮ್ಮ ಬೆಳೆಯ ಹೆಸರಿದ್ದರೆ, ಹೇಳಿದಷ್ಟೇ ಪ್ರಮಾಣದಲ್ಲಿ. ಗಿಡ ಬಾಡಿದ ಮೇಲೆ ಡ್ರಿಪ್‌ನಲ್ಲಿ ಬಿಟ್ಟು ಪವಾಡ ಕಾಯಬೇಡಿ. ಕೊಯ್ಲು ನಡೆಯುವ ಗಿಡಕ್ಕಂತೂ ಬೇಡವೇ ಬೇಡ, ಆ ಕಾಯಿ ತಿನ್ನುವವರು ಯಾರದ್ದೋ ಮನೆಯ ಮಕ್ಕಳು.

ಇಷ್ಟು ಹೇಳಿ ಪ್ರಶ್ನೆಗೆ ಬಿಟ್ಟೆ. ಕೆಲವನ್ನು ಇಲ್ಲಿ ಕೊಡುತ್ತಿದ್ದೇನೆ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ನಮ್ಮಪ್ಪನ ಕಾಲದಲ್ಲಿ ಈ ಹುಳು ಇರಲಿಲ್ಲ ಸಾಮಿ, ಎಲ್ಲಾ ಈ ಹೈಬ್ರಿಡ್ ಬೀಜದಿಂದ ಬಂದಿದ್ದು" ಅಂದರು.

ಯಜಮಾನ್ರೇ, ಹುಳು ಆಗಲೂ ಇತ್ತು. ದಕ್ಷಿಣ ಭಾರತದ ಚಹಾ ತೋಟದಲ್ಲಿ ಬೇರುಗಂಟು ಇರುವುದನ್ನು 1901ರಲ್ಲೇ ಬಾರ್ಬರ್ ಅನ್ನುವವರು ಬರೆದಿದ್ದಾರೆ. ಆದರೆ ನಿಮ್ಮ ಮಾತಿನಲ್ಲೂ ಅರ್ಧ ನಿಜ ಇದೆ. ನಿಮ್ಮ ತಂದೆಯವರು ಮಳೆಗೆ ಒಂದು ಬೆಳೆ ಬೆಳೆದು ಬೇಸಿಗೆಯಲ್ಲಿ ಹೊಲವನ್ನು ಒಣಗಲು ಬಿಡುತ್ತಿದ್ದರು. ಹುಳುವಿಗೆ ಆರು ತಿಂಗಳು ಊಟ ಇಲ್ಲ, ನೀರಿಲ್ಲ. ಈಗ ಬೋರ್‌ವೆಲ್ ಬಂತು, ಡ್ರಿಪ್ ಬಂತು. ವರ್ಷಪೂರ್ತಿ ಬೇರು ಇದೆ, ವರ್ಷಪೂರ್ತಿ ತೇವ ಇದೆ. ಬೀಜದಲ್ಲಿ ಈ ಹುಳು ಬರುವುದಿಲ್ಲ, ಸಸಿಯ ಬೇರಿನಲ್ಲಿ ಬರುತ್ತದೆ.

ಪಾಲಿಹೌಸ್ ಮಾಡಿರುವ ಯುವಕನೊಬ್ಬನ ಕಷ್ಟ ಬೇರೆ. "ಸಾರ್, ಸಾಲ ಮಾಡಿ ಹಾಕಿದ್ದೀನಿ. ಕ್ಯಾಪ್ಸಿಕಂ ಬಿಟ್ಟು ಸಾಸಿವೆ ಹಾಕಿದ್ರೆ ಕಂತು ಕಟ್ಟೋದು ಯಾರು?"

ಸರಿಯಾದ ಮಾತು. ಬೇರುಗಂಟನ್ನು ಮೊದಲು ದಾಖಲಿಸಿದ್ದೇ ಗಾಜಿನ ಮನೆಯಲ್ಲಿ, 1855ರಲ್ಲಿ, ಇಂಗ್ಲೆಂಡಿನಲ್ಲಿ ಬೆಳೆದ ಸೌತೆ ಗಿಡದ ಬೇರಿನಲ್ಲಿ. ಮುಚ್ಚಿದ ಮನೆ, ಬೆಚ್ಚನೆ ಮಣ್ಣು, ಒಂದೇ ಬೆಳೆ, ಅಂದಿಗೂ ಇಂದಿಗೂ ಅದೇ ಕಾರಣ. ನಿಮಗೆ ಇರುವ ಅನುಕೂಲ ಅಂದರೆ ಬೇಸಿಗೆಯಲ್ಲಿ ಪಾಲಿಹೌಸ್ ಪರದೆ ಮುಚ್ಚಿ ಒಳಗೆ ಮಣ್ಣಿಗೂ ಹಾಳೆ ಹೊದಿಸಿದರೆ ಹೊರಗಿನ ಹೊಲಕ್ಕಿಂತ ಜಾಸ್ತಿ ಕಾಯುತ್ತದೆ. ಎರಡು ಬೆಳೆಯ ನಡುವಿನ ಆರು ವಾರವನ್ನು ಏಪ್ರಿಲ್-ಮೇಗೆ ಬರುವ ಹಾಗೆ ಹೊಂದಿಸಿ. ಅದೂ ಆಗದಷ್ಟು ಗಂಟು ಇದ್ದರೆ ಮಣ್ಣು ಬಿಟ್ಟು ಕೊಕೊಪೀಟ್ ಬ್ಯಾಗಿಗೆ ಹೋಗುವುದು ಒಂದು ದಾರಿ. ಬ್ಯಾಗಿನ ಕೆಳಗೆ ಹಾಳೆ ಹಾಸಿ. ಬೇರು ತೂತಿನಿಂದ ಹಳೇ ಮಣ್ಣಿಗೆ ಇಳಿದರೆ ಮತ್ತೆ ಶುರುವಿಗೇ ಬಂದಿರಿ.

"ಎಲ್ಲಾ ನೆಮಟೋಡೂ ಕೆಟ್ಟದ್ದಾ?" ಅಂತ ಒಬ್ಬ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ, ಯಾಕೆಂದರೆ ಮಣ್ಣಿನಲ್ಲಿರುವ ಎಷ್ಟೋ ಜಾತಿ ಬ್ಯಾಕ್ಟೀರಿಯಾ, ಶಿಲೀಂಧ್ರ ತಿಂದುಕೊಂಡು ತಮ್ಮಷ್ಟಕ್ಕೆ ಇರುತ್ತವೆ, ಅದರಿಂದ ಗಿಡಕ್ಕೆ ಪೋಷಕಾಂಶವೂ ಸಿಗುತ್ತದೆ. ಸಿ. ಎಲೆಗನ್ಸ್ ಅನ್ನುವ ಒಂದು ನಿರುಪದ್ರವಿ ಮಣ್ಣಿನ ಹುಳುವಿನ ಮೇಲೆ ಮಾಡಿದ ಕೆಲಸಕ್ಕೆ 2002ರಲ್ಲಿ ಮೂವರಿಗೆ ನೊಬೆಲ್ ಬಂತು. ಕೀಟವನ್ನು ಕೊಲ್ಲುವ ಜಾತಿಗಳೂ ಇವೆ. ಮಲೆನಾಡು, ಕರಾವಳಿಯಲ್ಲಿ ಅಡಿಕೆಯ ಬೇರುಹುಳು ಅನ್ನುವ ಕೀಟಕ್ಕೆ ಅಂಥ ನೆಮಟೋಡನ್ನೇ ನೀರಲ್ಲಿ ಬೆರೆಸಿ ಬುಡಕ್ಕೆ ಹಾಕುತ್ತಾರೆ. ಹಾಗಾಗಿ ಮಣ್ಣಿಗೆ ಕಂಡಕಂಡ ವಿಷ ಸುರಿದರೆ ಒಳ್ಳೆಯವೂ ಹೋಗುತ್ತವೆ.

ಕೊನೆಗೆ ಒಬ್ಬರು ಎದ್ದು, "ನಮ್ಮೂರಲ್ಲಿ ಇರೋದು ಒಂದೇ ರೋಟವೇಟರ್. ಪಕ್ಕದ ಹೊಲದಲ್ಲಿ ಗಂಟು ಇದೆ, ನಮ್ಮದ್ರಲ್ಲಿ ಇನ್ನೂ ಇಲ್ಲ. ಏನ್ ಮಾಡೋದು?" ಅಂದರು.

ಎರಡೇ ಕೆಲಸ. ನಿಮ್ಮ ಹೊಲಕ್ಕೆ ಮೊದಲು ಬನ್ನಿ, ಪಕ್ಕದವರ ಹೊಲಕ್ಕೆ ಆಮೇಲೆ ಹೋಗಿ ಅಂತ ಟ್ರ್ಯಾಕ್ಟರಿನವರಿಗೆ ಮೊದಲೇ ಹೇಳಿಡಿ, ಬೇಕಾದರೆ ಬೆಳಗಿನ ಟೀ-ತಿಂಡಿ ನೀವೇ ಕೊಡಿಸಿ. ಹಾಗೆ ಹೊಂದದಿದ್ದರೆ ಹೊಲದ ಅಂಚಿನಲ್ಲೇ ಗಾಡಿ ನಿಲ್ಲಿಸಿ, ಮೋಟಾರಿನ ಪೈಪ್ ಹಿಡಿದು ಬ್ಲೇಡು, ಟೈರಿಗೆ ಮೆತ್ತಿದ ಮಣ್ಣೆಲ್ಲ ಹೋಗುವ ತನಕ ತೊಳೆಯಿರಿ. ತೊಳೆದ ನೀರು ನಿಮ್ಮ ಹೊಲಕ್ಕೆ ಇಳಿಯದ ಜಾಗ ನೋಡಿಕೊಳ್ಳಿ. ಹತ್ತು ನಿಮಿಷದ ಕೆಲಸ. ಟ್ರ್ಯಾಕ್ಟರಿನವರು ಗೊಣಗುತ್ತಾರೆ, ಗೊಣಗಲಿ.